ದವಾಖಾನೆಗೆ ಯಾವ ಎಐ ಭಾಷಾ ಸಾಧನ? ಕಾನೂನು, ಸುರಕ್ಷತೆಯ ದೃಷ್ಟಿಯಿಂದ ನಾಲ್ಕು ದಾರಿಗಳ ಹೋಲಿಕೆ

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ ಸಂಜೆ, ಕಲಬುರಗಿಯ ನಮ್ಮ ಹದಿನೈದು ಹಾಸಿಗೆಗಳ ದವಾಖಾನೆಗೆ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಬೆವತು ನಡುಗುತ್ತ, ಮಗನ ಹೆಗಲಿಗೆ ಆತುಕೊಂಡು ಬಂದರು. ರಕ್ತದ ಸಕ್ಕರೆ ತೀರ ಇಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡು ಅವರು ಜೇಬಿನಿಂದ ತೆಗೆದು ತೋರಿಸಿದ ಚೀಟಿ ನಮ್ಮದೇ ಆಗಿತ್ತು. ಅದರಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ, ‘ಸೋಮವಾರ ಉಪವಾಸದ ರಕ್ತ ಪರೀಕ್ಷೆ ಇದೆ, ಔಷಧಿಗಳನ್ನು ಎಂದಿನಂತೆ ಮುಂದುವರಿಸಿ’ ಎಂದು ಬರೆದಿತ್ತು. ಶ್ರಾವಣ ಸೋಮವಾರ ಉಪವಾಸ ಎಂದರೆ ನಮ್ಮ ಕಡೆಯ ಹಿರಿಯರಿಗೆ ಒಂದೇ ಅರ್ಥ. ಪರೀಕ್ಷೆಗೆ ಬೇಕಿದ್ದುದು ರಕ್ತ ಕೊಡುವವರೆಗಿನ ಖಾಲಿ ಹೊಟ್ಟೆ ಮಾತ್ರ, ಅವರು ಗುಳಿಗೆ ನುಂಗಿ ದಿನವಿಡೀ ಊಟ ಬಿಟ್ಟಿದ್ದರು.

ವೈದ್ಯರು ಇಂಗ್ಲಿಷಿನಲ್ಲಿ ಬರೆದದ್ದನ್ನು ನಮ್ಮ ಸಿಬ್ಬಂದಿಯೊಬ್ಬರು ತಮ್ಮ ಫೋನಿನ ಉಚಿತ ಎಐ ಆ್ಯಪ್‌ನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಮುದ್ರಿಸಿದ್ದರು, ಮತ್ತೆ ಯಾರೂ ಓದಿರಲಿಲ್ಲ. ಫೋನನ್ನು ತೆರೆದು ನೋಡಿದಾಗ ಇನ್ನೊಂದು ಸಂಗತಿ ಕಂಡಿತು: ರೋಗಿಯ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ, ಕಾಯಿಲೆಯ ವಿವರ ಎಲ್ಲವೂ ಅದೇ ಆ್ಯಪ್‌ಗೆ ಹೋಗಿದ್ದವು. ಒಂದೇ ಚೀಟಿಯಲ್ಲಿ ಭಾಷೆಯ ತಪ್ಪೂ ಇತ್ತು, ಕಾನೂನಿನ ತಪ್ಪೂ ಇತ್ತು. ದವಾಖಾನೆಯ ಆಡಳಿತ ಮತ್ತು ದಾಖಲೆಗಳ ಹೊಣೆ ನನ್ನದಾದ್ದರಿಂದ ಆ ಎರಡೂ ತಪ್ಪು ನನ್ನವೇ. ಅಂದಿನಿಂದ ಯಾವ ಸಾಧನವನ್ನು ನೋಡಿದರೂ ಎರಡು ಪ್ರಶ್ನೆಗಳನ್ನು ಕೇಳುತ್ತೇನೆ. ರೋಗಿಯ ಮಾತು ಇಲ್ಲಿಂದ ಎಲ್ಲಿಗೆ ಹೋಗುತ್ತದೆ? ಹೋದದ್ದು ಏನಾಗಿ ಹಿಂದಿರುಗುತ್ತದೆ? ಮುಂದಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಮೊದಲು ಕೆಲಸವನ್ನು ಬೇರ್ಪಡಿಸಿಕೊಳ್ಳಬೇಕು

‘ಯಾವ ಎಐ ತೊಗೊಳ್ಳೋಣ’ ಎಂದು ಪರಿಚಿತ ವೈದ್ಯರು ಕೇಳಿದಾಗ ನಾನು ಅವರ ಕೆಲಸಗಳ ಪಟ್ಟಿಯನ್ನೇ ಮೊದಲು ಕೇಳುತ್ತೇನೆ, ಏಕೆಂದರೆ ಒಂದೇ ಸಾಧನ ಒಂದು ಕೆಲಸಕ್ಕೆ ನಿರಪಾಯಕಾರಿಯಾಗಿದ್ದು ಇನ್ನೊಂದಕ್ಕೆ ಅಪಾಯವಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿನ ಹೊಡೆತದಿಂದ ಕಾಪಾಡಿಕೊಳ್ಳುವ ಬಗ್ಗೆ ಗೋಡೆಗೆ ಹಚ್ಚುವ ಸೂಚನೆ, ಸಿಬ್ಬಂದಿಯ ಪಾಳಿಯ ಪಟ್ಟಿ, ಔಷಧ ಸರಬರಾಜುದಾರರಿಗೆ ಪತ್ರ, ಇವುಗಳಲ್ಲಿ ಯಾವ ರೋಗಿಯೂ ಇಲ್ಲ. ಡಿಸ್ಚಾರ್ಜ್ ಸಮ್ಮರಿ, ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಪತ್ರ, ವಿಮಾ ಕಂಪನಿಗೆ ಬರೆಯುವ ವಿವರಣೆ, ಇವುಗಳಲ್ಲಿ ರೋಗಿ ಅಕ್ಷರವಾಗಿ ಇದ್ದಾನೆ. ತಪಾಸಣೆಯ ಕೋಣೆಯ ಸಂಭಾಷಣೆಯನ್ನು ಕೇಳಿ ಟಿಪ್ಪಣಿ ಬರೆಯುವ ಸಾಧನದಲ್ಲಿ ರೋಗಿಯ ಧ್ವನಿಯೇ ಇದೆ, ಜೊತೆಗೆ ಬಂದ ಸೊಸೆಯ ಧ್ವನಿಯೂ ಇದೆ.

ಇವೆಲ್ಲಕ್ಕೂ ಹೊರಗಿನದು ರೋಗ ಯಾವುದು, ಡೋಸ್ ಎಷ್ಟು ಎಂದು ಯಂತ್ರವನ್ನು ಕೇಳಿ ಅದರ ಉತ್ತರವನ್ನು ರೋಗಿಗೆ ಮುಟ್ಟಿಸುವುದು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ, ವೈದ್ಯರಿಗೆ ನೆರವಾಗಬಹುದು, ಆದರೆ ಕೊನೆಯ ಸಲಹೆ ಮತ್ತು ಔಷಧ ಚೀಟಿ ನೋಂದಾಯಿತ ವೈದ್ಯರಿಂದಲೇ ನೇರವಾಗಿ ಬರಬೇಕು. ಆದ್ದರಿಂದ ದವಾಖಾನೆಯ ವಾಟ್ಸ್‌ಆ್ಯಪ್ ಸಂಖ್ಯೆಗೆ ರಾತ್ರಿ ಬರುವ ‘ಜ್ವರಕ್ಕ ಯಾವ ಗುಳಿಗಿ’ ಎಂಬ ಪ್ರಶ್ನೆಗೆ ತಾನಾಗಿ ಉತ್ತರಿಸುವ ಬಾಟ್ ಅನ್ನು ಯಾರಾದರೂ ಮಾರಲು ಬಂದರೆ ಹೋಲಿಕೆಗೇ ಇಳಿಯುವ ಅಗತ್ಯವಿಲ್ಲ. ಸಮಯ ಕೊಡುವುದು, ದವಾಖಾನೆಯ ವೇಳೆ ತಿಳಿಸುವುದು, ಇಷ್ಟಕ್ಕೇ ಅದನ್ನು ಕಟ್ಟಿಹಾಕಲು ಸಾಧ್ಯವಾದರೆ ಮಾತ್ರ ಮಾತು ಮುಂದುವರಿಯಲಿ. ರೋಗವನ್ನೇ ಗುರುತಿಸುತ್ತದೆ ಎಂದು ಹೇಳಿ ಮಾರುವ ಸಾಫ್ಟ್‌ವೇರ್ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುವುದರಿಂದ, ಅಂಥವರಿಂದ ಔಷಧ ನಿಯಂತ್ರಣ ಪ್ರಾಧಿಕಾರದ ಪರವಾನಗಿಯನ್ನೂ ಕೇಳಿ ನೋಡಬೇಕು.

ಮೊದಲನೆಯ ದಾರಿ: ಫೋನಿನಲ್ಲಿರುವ ಉಚಿತ ಆ್ಯಪ್

ಖರ್ಚಿಲ್ಲ, ಕನ್ನಡ ಸಾಕಷ್ಟು ಚೆನ್ನಾಗಿದೆ, ಎಲ್ಲರ ಕೈಯಲ್ಲೂ ಇದೆ. ರೋಗಿಯಿಲ್ಲದ ಕೆಲಸಗಳಿಗೆ ಇದನ್ನು ಬಳಸಲು ನನಗೆ ಯಾವ ಆಕ್ಷೇಪವೂ ಇಲ್ಲ, ನಮ್ಮಲ್ಲೂ ಬಳಸುತ್ತೇವೆ.

ರೋಗಿಯ ವಿವರ ಸೇರಿದೊಡನೆ ಸ್ಥಿತಿ ಬದಲಾಗುತ್ತದೆ. ಚಾಟ್‌ಜಿಪಿಟಿಯ ವೈಯಕ್ತಿಕ ಖಾತೆ ಸೇರಿದಂತೆ ಇಂಥ ಹಲವು ಸೇವೆಗಳಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ ನಾವು ಬರೆದದ್ದು ಮುಂದಿನ ಮಾದರಿಯ (ಆ್ಯಪ್‌ನ ಹಿಂದೆ ಉತ್ತರ ಬರೆಯುವ ಎಐ ಪ್ರೋಗ್ರಾಮಿನ) ತರಬೇತಿಗೆ ಬಳಕೆಯಾಗಬಹುದು. ಅಳಿಸಿಬಿಟ್ಟರೆ ಸಾಕು ಎನ್ನುವವರಿಗೆ ನಾನು ಒಂದು ಉದಾಹರಣೆ ಕೊಡುತ್ತೇನೆ: 2025ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯವೊಂದು, ದಿನಪತ್ರಿಕೆಯೊಂದು ಹೂಡಿದ್ದ ದಾವೆಯ ಸಂಬಂಧ, ಬಳಕೆದಾರರು ಅಳಿಸಿದ ಸಂಭಾಷಣೆಗಳನ್ನೂ ಕಾಯ್ದಿಡುವಂತೆ ಚಾಟ್‌ಜಿಪಿಟಿಯನ್ನು ನಡೆಸುವ ಓಪನ್‌ಎಐ ಕಂಪನಿಗೆ ಆದೇಶಿಸಿತು. ವೈಯಕ್ತಿಕ ಖಾತೆಗಳು ಆ ಆದೇಶಕ್ಕೆ ಒಳಪಟ್ಟವು, ದೊಡ್ಡ ಸಂಸ್ಥೆಗಳ ಎಂಟರ್‌ಪ್ರೈಸ್ ಖಾತೆಗಳು ಹೊರಗುಳಿದವು. ಉಚಿತ ದಾರಿಗೂ ಕರಾರಿನ ದಾರಿಗೂ ಇರುವ ಅಂತರ ಇದರಲ್ಲೇ ಕಾಣುತ್ತದೆ.

ನಮ್ಮ ಕಾನೂನಿನಲ್ಲಿ ಈಗ ಎರಡು ಪದರಗಳಿವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ 2011ರಲ್ಲಿ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದು ಗುರುತಿಸಿ, ಅದಕ್ಕೆ ಲಿಖಿತ ಒಪ್ಪಿಗೆ ಬೇಕೆನ್ನುತ್ತವೆ. ಒಬ್ಬರೇ ಮಾಲೀಕರಿರುವ ವೃತ್ತಿ ಸಂಸ್ಥೆಯೂ ಆ ಕಲಮಿನ ವ್ಯಾಪ್ತಿಯಲ್ಲಿದೆ, ಆದ್ದರಿಂದ ‘ನಮ್ಮದು ಸಣ್ಣ ಕ್ಲಿನಿಕ್’ ಎಂಬ ಸಮಾಧಾನ ನಿಲ್ಲುವುದಿಲ್ಲ. ಎರಡನೆಯದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ದವಾಖಾನೆಯಂಥ ಸಂಸ್ಥೆಗಳ ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರುತ್ತವೆ. ತಕ್ಕ ಭದ್ರತೆ ಇಟ್ಟುಕೊಳ್ಳದೆ ದತ್ತಾಂಶ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. 2027ರ ಮೇವರೆಗೆ 2011ರ ಹಳೆಯ ನಿಯಮಗಳೇ ನಡೆಯುತ್ತವೆ. ಇವೆರಡಕ್ಕಿಂತ ಹಿಂದಿನಿಂದಲೂ 2002ರ ವೈದ್ಯಕೀಯ ನೀತಿ ನಿಯಮಾವಳಿ ರೋಗಿಯ ಗುಟ್ಟು ಕಾಯುವುದನ್ನು ವೈದ್ಯರ ಕರ್ತವ್ಯವೆಂದು ವಿಧಿಸಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ನಿಯಮಾವಳಿಯನ್ನು ಅದೇ ತಿಂಗಳು ತಡೆಹಿಡಿದದ್ದರಿಂದ 2002ರದೇ ಚಾಲ್ತಿಯಲ್ಲಿ ಉಳಿಯಿತು.

ಹೆಸರು ಅಳಿಸಿ ಕೊಟ್ಟರೆ ಸಾಲದೇ ಎಂದು ಬಹಳ ಜನ ಕೇಳುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಅದಕ್ಕೆ ಸ್ವಲ್ಪ ಅರ್ಥವಿರಬಹುದು. ಆದರೆ ಯಡ್ರಾಮಿ ಕಡೆಯ ಒಂದು ಹಳ್ಳಿಯ ಹೆಸರು, ಹತ್ತೊಂಬತ್ತು ವರ್ಷ, ಅವಳಿ ಗರ್ಭ, ಗಂಡ ಪುಣೆಗೆ ದುಡಿಯಲು ಹೋಗಿದ್ದಾನೆ ಎಂದು ಬರೆದ ಮೇಲೆ ಹೆಸರು ಯಾಕೆ ಬೇಕು? ಆ ಊರಿನ ಆಶಾ ಕಾರ್ಯಕರ್ತೆ ಓದಿದ ಕ್ಷಣವೇ ಗುರುತಿಸುತ್ತಾರೆ. ಹೆಸರಿನ ಜೊತೆಗೆ ಊರು, ದಿನಾಂಕ, ಫೋನ್, ಆಭಾ (ಡಿಜಿಟಲ್ ಆರೋಗ್ಯ ಖಾತೆಯ) ಸಂಖ್ಯೆ, ಆಧಾರ್, ಉದ್ಯೋಗ, ಅಪರೂಪದ ಕಾಯಿಲೆಯ ಉಲ್ಲೇಖ ಇವೆಲ್ಲವೂ ಹೋಗಬೇಕು. ಅಷ್ಟನ್ನು ಕೈಯಿಂದ ತೆಗೆಯುವ ಹೊತ್ತಿಗೆ ಪತ್ರವನ್ನು ತಾವೇ ಬರೆದು ಮುಗಿಸಿರುತ್ತೀರಿ. ಲ್ಯಾಬ್ ರಿಪೋರ್ಟಿನ ಫೋಟೋ ಹೊಡೆದು ಆ್ಯಪ್‌ಗೆ ಹಾಕುವುದು ಇನ್ನೂ ಕೆಟ್ಟದ್ದು, ಏಕೆಂದರೆ ಮೇಲಿನ ಮೂಲೆಯಲ್ಲಿ ಎಲ್ಲವೂ ಅಚ್ಚಾಗಿರುತ್ತದೆ.

ಎರಡನೆಯ ದಾರಿ: ದವಾಖಾನೆಯ ಹೆಸರಿನಲ್ಲಿ ಕರಾರಿನ ಖಾತೆ

ಅದೇ ಕಂಪನಿಗಳ ಮಾದರಿಗಳನ್ನು ಹಣ ಕೊಟ್ಟು ಸಂಸ್ಥೆಯ ಹೆಸರಿನಲ್ಲಿ ಪಡೆದಾಗ ತರಬೇತಿಗೆ ಬಳಸುವುದಿಲ್ಲವೆಂಬ ಮಾತು ಸಾಮಾನ್ಯವಾಗಿ ಷರತ್ತಿನಲ್ಲೇ ಇರುತ್ತದೆ, ದತ್ತಾಂಶವನ್ನು ಎಷ್ಟು ದಿನ ಇಡುತ್ತಾರೆಂಬುದೂ ಬರೆದಿರುತ್ತದೆ. ಸಿಬ್ಬಂದಿ ಕೆಲಸ ಬಿಟ್ಟುಹೋದಾಗ ಖಾತೆಯನ್ನು ಮುಚ್ಚಬಹುದು, ಇದು ಸಣ್ಣ ವಿಷಯವೆಂದು ನಾನು ತಿಳಿಯುವುದಿಲ್ಲ.

2023ರ ಹೊಸ ಕಾಯ್ದೆಯ ಪ್ರಕಾರ ದತ್ತಾಂಶವನ್ನು ಬೇರೆಯವರ ಕೈಯಲ್ಲಿ ಸಂಸ್ಕರಿಸಬೇಕಾದರೆ ಸಿಂಧುವಾದ ಕರಾರು ಇರಬೇಕು, ಕರಾರಿನಲ್ಲಿ ಏನೇ ಬರೆದಿದ್ದರೂ ರೋಗಿಗೆ ಮತ್ತು ದತ್ತಾಂಶ ಸಂರಕ್ಷಣಾ ಮಂಡಳಿಗೆ ಉತ್ತರ ಹೇಳಬೇಕಾದವರು ದವಾಖಾನೆಯವರೇ. ಮಾರಾಟಗಾರರು ‘ನಾವು ಹಿಪಾ ಪ್ರಮಾಣಿತರು’ ಎಂದು ಮೊದಲ ಪುಟದಲ್ಲೇ ತೋರಿಸುತ್ತಾರೆ. ಹಿಪಾ ರೋಗಿಗಳ ಮಾಹಿತಿಯನ್ನು ಕಾಯುವ 1996ರ ಅಮೆರಿಕದ ಕಾನೂನು. ಅದನ್ನು ಪಾಲಿಸುವ ಕಂಪನಿ ಭದ್ರತೆಯನ್ನು ಗಂಭೀರವಾಗಿ ನೋಡುತ್ತದೆಂಬ ಸೂಚನೆ ಅದರಿಂದ ಸಿಗಬಹುದು, ಆದರೆ ಆಳಂದದ ರೋಗಿಗೆ ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ನಾನು ಕೇಳುವ ಪ್ರಶ್ನೆಗಳು ಬೇರೆ: ದತ್ತಾಂಶ ಭಾರತದಲ್ಲಿ ಉಳಿಯುತ್ತದೆಯೇ, ಎಷ್ಟು ದಿನ, ನಿಮ್ಮ ಕೆಳಗೆ ಇನ್ನಾವ ಕಂಪನಿಗಳ ಕೈಗೆ ಹೋಗುತ್ತದೆ, ಕರಾರು ಮುಗಿದಾಗ ಅಳಿಸಿದ್ದಕ್ಕೆ ಪತ್ರ ಕೊಡುತ್ತೀರಾ, ಸೋರಿಕೆಯಾದರೆ ಎಷ್ಟು ಗಂಟೆಯಲ್ಲಿ ತಿಳಿಸುತ್ತೀರಿ? ಕೊನೆಯ ಪ್ರಶ್ನೆಗೆ ‘ಮೂರು ದಿನ’ ಎಂಬ ಉತ್ತರ ಬಂದರೆ ಒಪ್ಪಬೇಡಿ. ಸೈಬರ್ ಘಟನೆಯನ್ನು ಅರಿತ ಆರು ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿದೆ.

ಈ ದಾರಿಯಲ್ಲಿ ರೋಗಿಯ ಮಾತು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಏನಾಗಿ ಹಿಂದಿರುಗುತ್ತದೆ ಎಂಬುದಕ್ಕೆ ಸಿಗುವುದಿಲ್ಲ, ಏಕೆಂದರೆ ಉಚಿತ ಆ್ಯಪ್ ಮಾಡುವ ಭಾಷೆಯ ತಪ್ಪನ್ನು ಹಣ ಕೊಟ್ಟು ಪಡೆದದ್ದೂ ಮಾಡುತ್ತದೆ. ಚೀಟಿಯಲ್ಲಿ ‘ಎಸ್‌ಒಎಸ್’ ಎಂದು ಬರೆದರೆ ನಮ್ಮ ಕಂಪೌಂಡರ್‌ಗೆ ‘ಅಗತ್ಯವಿದ್ದರೆ ಮಾತ್ರ’ ಎಂದು ಗೊತ್ತು, ಯಂತ್ರ ಅದನ್ನು ತುರ್ತು ಕರೆ ಎಂದು ತಿಳಿಯಬಹುದು. ‘ಓಡಿ’ ಎಂಬುದು ದಿನಕ್ಕೊಮ್ಮೆಯೂ ಹೌದು, ಕಣ್ಣಿನ ವೈದ್ಯರ ಬರಹದಲ್ಲಿ ಬಲಗಣ್ಣೂ ಹೌದು. ದಿನ ಬಿಟ್ಟು ದಿನ ಎನ್ನಬೇಕಾದಲ್ಲಿ ‘ಪರ್ಯಾಯ ದಿನಗಳಲ್ಲಿ’ ಎಂದು ಬಂದರೆ ಚಿತ್ತಾಪುರದ ರೈತರಿಗೆ ಅದು ಏನನ್ನೂ ಹೇಳುವುದಿಲ್ಲ. ಎಲ್ಲಕ್ಕಿಂತ ನನಗೆ ಭಯವಿರುವುದು ಕೀಲು ವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಗುಳಿಗೆಯ ಬಗ್ಗೆ. ಅದನ್ನು ವಾರಕ್ಕೊಮ್ಮೆ ನುಂಗಬೇಕು, ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಇಂಥ ಔಷಧಿಗಳ ಸೂಚನೆಯನ್ನು ನಾವು ಯಾವ ಸಾಧನದಿಂದಲೂ ಅನುವಾದ ಮಾಡಿಸುವುದಿಲ್ಲ, ವೈದ್ಯರು ಒಪ್ಪಿದ ಸಿದ್ಧ ವಾಕ್ಯವನ್ನೇ ಮುದ್ರಿಸುತ್ತೇವೆ.

ಮೂರನೆಯ ದಾರಿ: ಮಾತು ಕೇಳಿ ಟಿಪ್ಪಣಿ ಬರೆಯುವ ಸಾಧನ

ಇದು ದವಾಖಾನೆಯ ಸಾಫ್ಟ್‌ವೇರಿನೊಳಗೇ ಬರುತ್ತದೆ ಅಥವಾ ಪ್ರತ್ಯೇಕವಾಗಿ ಸಿಗುತ್ತದೆ. ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡುವ ವೈದ್ಯರಿಗೆ ಇದು ಎಷ್ಟು ಆಕರ್ಷಕವೆಂದು ನನಗೆ ಗೊತ್ತು: ಕಣ್ಣು ಪರದೆಯ ಮೇಲಿರದೆ ರೋಗಿಯ ಮೇಲಿರುತ್ತದೆ. ಆದರೆ ನಾಲ್ಕೂ ದಾರಿಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದೂ ಇದೇ, ಮತ್ತು ನಮ್ಮ ಭಾಗದಲ್ಲಿ ಅದಕ್ಕೆ ವಿಶೇಷ ಕಾರಣವಿದೆ.

ನಮ್ಮ ತಪಾಸಣೆಯ ಕೋಣೆಯಲ್ಲಿ ಒಂದೇ ಮಾತುಕತೆಯೊಳಗೆ ಕನ್ನಡ, ದಖನಿ ಉರ್ದು, ವೈದ್ಯರ ಇಂಗ್ಲಿಷ್ ಮೂರೂ ಓಡಾಡುತ್ತವೆ. ಸೇಡಂ ಕಡೆಯಿಂದ ಬಂದವರಲ್ಲಿ ತೆಲುಗು, ಬೀದರಿನ ಗಡಿಯವರಲ್ಲಿ ಮರಾಠಿ ಸೇರುತ್ತದೆ. ‘ಹೊಟ್ಟಿ ಕಡಿಲತ್ತದ’ ಎಂದರೆ ಮುರಿಯುವಂಥ ಹೊಟ್ಟೆನೋವು, ಯಾವುದೋ ಹುಳ ಕಚ್ಚಿದ್ದಲ್ಲ. ‘ಬ್ಯಾನಿ’ ಬರೀ ನೋವೂ ಆಗಬಹುದು, ಹೆರಿಗೆ ನೋವೂ ಆಗಬಹುದು. ಎಂಟು ತಿಂಗಳ ಬಸುರಿಯ ಬಾಯಲ್ಲಿ ಅದು ಯಾವುದೆಂದು ಸಿಸ್ಟರ್ ಮುಖ ನೋಡಿ ತಿಳಿಯುತ್ತಾರೆ. ‘ಜಡ್ಡು’ ನಮ್ಮಲ್ಲಿ ಕಾಯಿಲೆ, ದಕ್ಷಿಣದವರಿಗೆ ಅಂಗೈಯ ಗಡಸು ಚರ್ಮ. ಪುಸ್ತಕದ ಕನ್ನಡವನ್ನು ಕೇಳಿ ಕಲಿತ ಯಂತ್ರ ಇವುಗಳಲ್ಲಿ ಎಡವಿದರೆ ಆಶ್ಚರ್ಯವಿಲ್ಲ. ಎಡವಿದ್ದನ್ನು ತಿಳಿಸದೆ ನಯವಾದ ಇಂಗ್ಲಿಷಿನಲ್ಲಿ ಬರೆದುಬಿಡುವುದೇ ಅಪಾಯ.

ಇದಲ್ಲದೆ ಆಡದ ಮಾತನ್ನು ಸೇರಿಸುವ ದೋಷವೂ ಇದೆ. ಬಹಳ ಬಳಕೆಯಲ್ಲಿರುವ ವಿಸ್ಪರ್ ಎಂಬ ಧ್ವನಿ ಮಾದರಿಯನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ನೂರಕ್ಕೆ ಒಂದು ಧ್ವನಿಮುದ್ರಿಕೆಯಲ್ಲಿ ಯಾರೂ ಆಡದ ವಾಕ್ಯ ಅಥವಾ ಪದಗುಚ್ಛ ಕಂಡುಬಂತು. ಮಾತಿನ ನಡುವೆ ದೀರ್ಘ ಮೌನವಿದ್ದಲ್ಲಿ ಅದು ಹೆಚ್ಚು. ಅದು ಇಂಗ್ಲಿಷಿನ ಪರೀಕ್ಷೆ. ದಮ್ಮು ಹತ್ತಿ ತಡೆದು ತಡೆದು ಮಾತಾಡುವ ಅಜ್ಜನ ಕನ್ನಡದಲ್ಲಿ ಏನಾಗುತ್ತದೆಂಬುದನ್ನು ಪ್ರತಿ ದವಾಖಾನೆಯೂ ತಾನೇ ಪರೀಕ್ಷಿಸಿ ನೋಡಬೇಕು.

ಒಪ್ಪಿಗೆಯ ಪ್ರಶ್ನೆ ಇಲ್ಲಿ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಹೊಸ ಕಾಯ್ದೆ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕೆನ್ನುತ್ತದೆ. ಕನ್ನಡ, ಉರ್ದು, ತೆಲುಗು, ಮರಾಠಿ ನಾಲ್ಕೂ ಅದರಲ್ಲಿವೆ. ಆದರೆ ಹೆಬ್ಬೆಟ್ಟು ಒತ್ತುವವರಿಗೆ ಅಚ್ಚಾದ ಹಾಳೆ ಯಾವ ಭಾಷೆಯಲ್ಲಿದ್ದರೇನು? ನಾವು ಬಾಯಿಂದ ಹೇಳಬೇಕು, ಸಾಕ್ಷಿಯ ಸಹಿ ಪಡೆಯಬೇಕು. ನಮ್ಮ ಸಿಸ್ಟರ್‌ಗಳಿಗೆ ಕಲಿಸಿದ ಮಾತು ಇಷ್ಟು: ‘ಡಾಕ್ಟರ್ ಮಾತು ಬರಕೊಳ್ಳಲಿಕ್ಕೆ ಒಂದು ಮಷಿನ್ ಇಟ್ಟೀವ್ರಿ. ನಿಮ್ಮ ದನಿ ಅದರಾಗ ಹೋಗ್ತದ, ಬರದ ಮ್ಯಾಲ ಅಳಸ್ತೀವಿ. ಬ್ಯಾಡಂದ್ರ ಬಂದ್ ಮಾಡ್ತೀವಿ, ಔಷಧಪಾಣಿ ಏನೂ ಕಮ್ಮಿ ಮಾಡಂಗಿಲ್ಲ.’ ಬೇಡವೆನ್ನುವವರು ಇದ್ದಾರೆ, ಹೆಚ್ಚಾಗಿ ಹೆಣ್ಣುಮಕ್ಕಳು. ಅವರ ಎದುರಿಗೇ ಯಂತ್ರವನ್ನು ಆರಿಸಿ ತೋರಿಸಬೇಕು.

ಕೆಲವು ಭೇಟಿಗಳಲ್ಲಿ ಕೇಳುವುದೂ ಬೇಡ, ಮೊದಲೇ ಆರಿಸಿರಬೇಕು: ಎಚ್‌ಐವಿ, ಗರ್ಭಪಾತ, ಮಾನಸಿಕ ಕಾಯಿಲೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. 2017ರ ಎಚ್‌ಐವಿ ಕಾಯ್ದೆ, ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ, ಗರ್ಭಪಾತ ಕಾಯ್ದೆಗೆ 2021ರಲ್ಲಿ ಸೇರಿದ ಗೋಪ್ಯತೆಯ ಕಲಂ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ, ಇವು ಪ್ರತಿಯೊಂದೂ ಗುರುತನ್ನು ಬಿಟ್ಟುಕೊಡದಿರಲು ತಮ್ಮದೇ ಆದ ಕಟ್ಟಳೆ ಹಾಕಿವೆ. ಇವನ್ನು ಹೊರಗಿನ ಯಾವ ಸರ್ವರಿಗೂ ಕಳಿಸಬಾರದೆಂಬುದು ನಮ್ಮ ದವಾಖಾನೆಯ ನಿಯಮ, ಇದರಲ್ಲಿ ವೈದ್ಯರ ವಿವೇಚನೆಗೂ ಅವಕಾಶವಿಲ್ಲ.

ನಾಲ್ಕನೆಯ ದಾರಿ: ತಮ್ಮದೇ ಕಂಪ್ಯೂಟರಿನಲ್ಲಿ ಓಡಿಸುವ ಮಾದರಿ

ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2 ಅನುವಾದ ಮಾದರಿ 22 ಭಾಷೆಗಳಿಗೆ ಮುಕ್ತವಾಗಿ ಸಿಗುತ್ತದೆ. ಲಾಮಾ, ಜೆಮ್ಮಾದಂಥ ಸಾಮಾನ್ಯ ಮಾದರಿಗಳನ್ನೂ ಇಳಿಸಿಕೊಳ್ಳಬಹುದು; ಎಂಟು ನೂರು ಕೋಟಿ ಪ್ಯಾರಾಮೀಟರ್‌ಗಳ (ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗಳ) ಮಾದರಿಯನ್ನು ಕುಗ್ಗಿಸಿದರೆ ಸುಮಾರು 5 ಜಿಬಿ ಜಾಗ ಹಿಡಿಯುತ್ತದೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಸಾಕು. ಇಂಟರ್‌ನೆಟ್ ತಂತಿ ಕಿತ್ತರೂ ಕೆಲಸ ನಡೆಯುವುದರಿಂದ ಮಾತು ಎಲ್ಲಿಗೆ ಹೋಗುತ್ತದೆಂಬ ಚಿಂತೆ ಬಹುಪಾಲು ತೀರುತ್ತದೆ. ಪೂರ್ತಿ ತೀರುವುದಿಲ್ಲ, ಏಕೆಂದರೆ ಅದೇ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕುವವರು, ಪಾಸ್‌ವರ್ಡನ್ನು ಗೋಡೆಗೆ ಅಂಟಿಸುವವರು ನಮ್ಮಲ್ಲೇ ಇರುತ್ತಾರೆ. ಸಣ್ಣ ಮಾದರಿಗಳ ಕನ್ನಡವೂ ದೊಡ್ಡ ಸೇವೆಗಳ ಕನ್ನಡದಷ್ಟು ಹದವಾಗಿರುವುದಿಲ್ಲ. ಕೆಟ್ಟರೆ ಸರಿಮಾಡುವವರು ಕಲಬುರಗಿಯಲ್ಲೇ ಇರಬೇಕು, ಏಪ್ರಿಲ್-ಮೇ ಬಿಸಿಲಿಗೆ ತಂಪಾದ ಕೋಣೆ ಮತ್ತು ಕರೆಂಟು ಹೋದಾಗ ಯುಪಿಎಸ್ ಬೇಕು.

ಯಾರಿಗೆ ಯಾವುದು

ಜೇವರ್ಗಿಯಲ್ಲೋ ಶಹಾಪುರದಲ್ಲೋ ಒಬ್ಬರೇ ವೈದ್ಯರು ನಡೆಸುವ ಕ್ಲಿನಿಕ್‌ಗೆ ನನ್ನ ಸಲಹೆ: ಉಚಿತ ಆ್ಯಪ್ ಅನ್ನು ರೋಗಿಯಿಲ್ಲದ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಪದೇಪದೇ ಬೇಕಾಗುವ ಮೂವತ್ತು ನಲವತ್ತು ಸೂಚನೆಗಳನ್ನು ಹೆಸರಿಲ್ಲದೆ ಒಮ್ಮೆ ಕನ್ನಡಕ್ಕೂ ಉರ್ದುವಿಗೂ ಮಾಡಿಸಿ, ಊರಿನ ಇಬ್ಬರಿಗೆ ಓದಿಸಿ ತಿದ್ದಿ, ಅಚ್ಚು ಹಾಕಿಸಿಡಿ. ಈ ಒಂದು ಕೆಲಸದಿಂದ ಆಗುವ ಉಪಯೋಗ ತಿಂಗಳ ಚಂದಾದ ಯಾವ ಸಾಧನದಿಂದಲೂ ಆಗುವುದಿಲ್ಲವೆಂದು ನಾನು ನಂಬಿದ್ದೇನೆ.

ನಮ್ಮಂಥ ಹದಿನೈದರಿಂದ ಐವತ್ತು ಹಾಸಿಗೆಗಳ ದವಾಖಾನೆಗೆ ಎರಡನೆಯ ದಾರಿ ಹೊಂದುತ್ತದೆ. ಮೂರನೆಯದನ್ನು ಒಬ್ಬ ವೈದ್ಯರ ಒಪಿಡಿಯಲ್ಲಿ ಮೊದಲು ನೋಡಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತನ್ನದೇ ಐಟಿ ವಿಭಾಗವಿದ್ದರೆ ನಾಲ್ಕನೆಯದೇ ಸರಿ, ಅಲ್ಲಿನ ರೋಗಿಗಳ ಸಂಖ್ಯೆಗೆ ಆ ಖರ್ಚು ಗಿಟ್ಟುತ್ತದೆ. ಯಾವ ದಾರಿಯಾದರೂ ಸಹಿ ಮಾಡಿದ ದಾಖಲೆಯೇ ದಾಖಲೆ: 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಯಂತ್ರದ ಕರಡನ್ನು ಓದದೆ ಸಹಿ ಹಾಕಿದ್ದಾದರೆ ಗ್ರಾಹಕ ಆಯೋಗದ ಮುಂದೆ ‘ಸಾಫ್ಟ್‌ವೇರ್ ಬರೆಯಿತು’ ಎಂಬ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ನಿಜವಾದ ರೋಗಿಗಳು ಬೇಡ, ಸಿಬ್ಬಂದಿಯೇ ರೋಗಿಗಳಂತೆ ಮಾತಾಡಲಿ: ಒಬ್ಬರು ಅಫಜಲಪುರದ ಕನ್ನಡ, ಒಬ್ಬರು ದಖನಿ, ಒಬ್ಬರು ಅರ್ಧ ಮಾತಾಡಿ ಸುಮ್ಮನಾಗುವ ಅಜ್ಜಿ. ಇಪ್ಪತ್ತು ಸಂಭಾಷಣೆಗಳಲ್ಲಿ ಔಷಧದ ಹೆಸರು, ಡೋಸ್, ಎಡ-ಬಲ, ‘ಇದೆ-ಇಲ್ಲ’ ಇವುಗಳ ತಪ್ಪನ್ನು ಬೇರೆ ಅಂಕಣದಲ್ಲಿ ಬರೆದಿಡಿ, ಉಳಿದ ಕಾಗುಣಿತದ ತಪ್ಪನ್ನು ಬೇರೆ ಅಂಕಣದಲ್ಲಿ. ನಾವು ನೋಡಿದ ಒಂದು ಸಾಧನದಲ್ಲಿ ಎರಡನೆಯ ಅಂಕಣ ಬಹುತೇಕ ಖಾಲಿಯಿತ್ತು, ಮೊದಲನೆಯದರಲ್ಲಿ ‘ಶುಗರ್ ಇಲ್ಲ’ ಎಂದದ್ದು ‘ಶುಗರ್ ಇದೆ’ ಎಂದಾಗಿತ್ತು. ಅದನ್ನು ಅಂದೇ ಹಿಂದಿರುಗಿಸಿದೆವು.